ಟ್ಯೂಬಾ ಊದುವ ಪಿಯಾನೊ ಮೇಷ್ಟ್ರು
ಮೂರನೆಯ ಮಹಡಿಯ ಪಿಯಾನೊ ರಿಪೇರಿ ಮೇಷ್ಟ್ರಿಗೆ ಯುರೋಪಿನ ಬರೋಕ್ ಕಾಲದ ಸಂಗೀತವೆಂದರೆ ಪ್ರಾಣ. ಆದರೆ ಮನೆಯ ಪಿಯಾನೊದ ಮೇಲೆ ಅವರು ಇಡುವುದು ಒಗೆದ ಬಟ್ಟೆ ಮಾತ್ರ. ಮುನ್ನೂರು ವರ್ಷಗಳ ಹಿಂದೆ ಹತ್ತು ಬೆರಳಿಗೆಂದು ಬರೆದದ್ದನ್ನು ಅವರು ಟ್ಯೂಬಾ ಎಂಬ ಹಿತ್ತಾಳೆಯ ದೊಡ್ಡ ಕಹಳೆಯಲ್ಲಿ ಊದುತ್ತಾರೆ. ಅದು ಕೆಟ್ಟು ಕೂತರೆ ತೋಟದ ರಬ್ಬರ್ ಪೈಪಿಗೆ ಆಲಿಕೆ ಸಿಕ್ಕಿಸಿ, ಕೆನ್ನೆ ಕುಂಬಳಕಾಯಿಯಾಗುವಂತೆ ಊದುತ್ತಾರೆ. ಅವರು ಊದುವುದು ಫ್ಯೂಗ್; ಎಂದರೆ ನಾಲ್ಕು ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡಬೇಕು, ಟ್ಯೂಬಾಕ್ಕೋ ಇರುವುದು ಒಂದೇ ಬಾಯಿ. ಹಾಗಾಗಿ ಸೋಮವಾರ ಮೇಲಿನ ದನಿ, ಮಂಗಳವಾರ ಎರಡನೆಯದು, ಹೀಗೆ ಗುರುವಾರಕ್ಕೆ ತಳದ ದನಿ. “ಮೇಷ್ಟ್ರೇ, ಪೂರ್ತಿ ಹಾಡು ಯಾವತ್ತು ಕೇಳ್ಸೋದು?” ಎಂದು ಕೆಳಮನೆಯ ದರ್ಜಿ ಮೆಟ್ಟಿಲಲ್ಲಿ ಅಡ್ಡಹಾಕಿದರೆ, “ಕೇಳ್ಸಾಯ್ತಲ್ಲಪ್ಪ! ಜೋಡಿಸ್ಕೊಳ್ಳೋದು ನಿನ್ನ ಕೆಲಸ,” ಎನ್ನುತ್ತಾರೆ. ಒಂದು ಗುರುವಾರ ಸಂಜೆ ದರ್ಜಿ ಜಗಳಕ್ಕೆಂದೇ ಮೇಲೆ ಹತ್ತಿದ. ಬಾಗಿಲು ತೆರೆದಿತ್ತು. ಮೇಷ್ಟ್ರ ಹೆಂಡತಿ, ಮೂವತ್ತು ವರ್ಷ ಮಕ್ಕಳಿಗೆ ಪಿಯಾನೊ ಕಲಿಸಿ ಈಗ ಕಿವಿ ಪೂರ್ತಿ ಹೋಗಿರುವವರು, ಕಣ್ಣು ಮುಚ್ಚಿ, ಗಂಡ ಊದುತ್ತಿದ್ದ ಟ್ಯೂಬಾದ ಹೊಟ್ಟೆಗೆ ಎರಡೂ ಅಂಗೈ ಒತ್ತಿ ಕೂತಿದ್ದರು. ಪಿಯಾನೊ ನುಡಿಸುವಾಗ ಅದರ ಮೇಲೆ ಕೈಯಿಟ್ಟರೆ ಅವರಿಗೆ ನಾಲ್ಕೂ ದನಿ ಕಲಸುಮೇಲೋಗರ. ಟ್ಯೂಬಾದಲ್ಲಿ ಒಂದೊಂದಾಗಿ ಬಂದರೆ ಅದರ ಕಂಪನ ಅಂಗೈಗೆ ತಿಳಿಯುತ್ತದೆ. ತಳದ ದನಿ ಗುಂಯ್ಗುಟ್ಟಿ ನಿಂತಿತು. ಅವರು ಕಣ್ಣು ತೆರೆದು ಗಂಡನನ್ನು ಗದರಿದರು: “ನಾಲ್ಕೂ ಚೆನ್ನಾಗಿ ಕೂಡ್ತು ಕಣ್ರೀ. ಮಂಗಳವಾರದ್ದು ಮಾತ್ರ ಕೂದಲೆಳೆಯಷ್ಟು ತಡವಾಗಿ ಬಂತು.”