ಶತ್ರುವಿಗೂ ಒಂದು ಕಣಜ

ಆ ಸಂಜೆ ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಮೂರೇ ಜನ. ಅವ್ವ ಗೋಡೆಗೆ ಆತು ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಕಂಪ್ಯೂಟರಿನ ಮುಂದಿದ್ದೆ. ನನ್ನ ಕುರ್ಚಿಯ ಬೆನ್ನಿನ ಮೇಲೆ ಗದ್ದವಿಟ್ಟು ತಂಗಿ ನಿಂತಿದ್ದಳು. ಪಂಚಮಿ ಹಬ್ಬಕ್ಕೆಂದು ಗುರುಗುಂಟಾದ ಗಂಡನ ಮನೆಯಿಂದ ತವರಿಗೆ ಬಂದವಳು. ಪಂಚಮಿ ಮುಗಿದು, ದಸರೆಯೂ ಮುಗಿದು, ದೀಪಾವಳಿ ಹತ್ತಿರ ಬಂದಿತ್ತು. ಅವಳನ್ನು ಕರೆದೊಯ್ಯಲು ಆ ಕಡೆಯಿಂದ ಯಾರೂ ಬಂದಿರಲಿಲ್ಲ.

ನಮ್ಮಲ್ಲಿ ಹಬ್ಬಕ್ಕೆ ಕರೆತರುವುದು ತವರಿನವರ ಕೆಲಸ, ತಿರುಗಿ ಕರೆದೊಯ್ಯುವುದು ಗಂಡನ ಮನೆಯವರ ಕೆಲಸ. ಕರೆಯಲು ಯಾರೂ ಬಾರದೆ ತಾನೇ ಚೀಲ ಹಿಡಿದು ಹೋಗಿ ಹೊಸ್ತಿಲು ದಾಟಿದವಳಿಗೆ ಆ ಮನೆಯಲ್ಲಿ ಮಾತಿಗೆ ಬೆಲೆ ಇರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹಾಗಾಗಿ ಕಾಯುವುದೊಂದೇ ದಾರಿ. ಮೊದಲು, ಸಜ್ಜೆ ಕೊಯ್ಲು ಆಗಲಿ ಎಂದು ಹೇಳಿ ಕಳಿಸಿದರು. ಆಮೇಲೆ, ಮಗ ಕುರಿ ಮೇಯಿಸಲು ದೂರ ಹೋಗಿದ್ದಾನೆ, ಬರಲಿ ಎಂದರು. ಆಮೇಲೆ ಅಮಾವಾಸ್ಯೆ ಕಳೆಯಲಿ ಎಂದರು. ಆಮೇಲೆ ಏನೂ ಅನ್ನಲಿಲ್ಲ. ತಂಗಿ ಫೋನ್ ಹಚ್ಚಿದರೆ ಅದು ಪೂರ್ತಿ ಬಡಿದುಕೊಂಡು ತಾನೇ ಸುಮ್ಮನಾಗುತ್ತಿತ್ತು. ಏನಾದರೂ ತಕರಾರು ನಡೆದಿತ್ತೇ ಎಂದು ಅವ್ವ ಎಷ್ಟೋ ಸಲ ಕೇಳಿದ್ದಳು. ಇಲ್ಲ, ಬರುವಾಗ ಬಸ್ ಸ್ಟ್ಯಾಂಡಿನ ತನಕ ಅವರು ತಾವೇ ಬೈಕಿನ ಮೇಲೆ ಬಿಟ್ಟರು, ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟರು ಎಂದು ತಂಗಿ ಅಷ್ಟೇ ಸಲ ಹೇಳಿದ್ದಳು.

ನನ್ನದೊಂದು ಹುಚ್ಚಿದೆ. ಹಳೆಯ ಒಂದು ಯುದ್ಧದ ಆಟ. ಆಡುವುದಕ್ಕಿಂತ ಅದರ ಜೊತೆಗೇ ಬರುವ, ನಕಾಶೆ ಕಟ್ಟುವ ಸಲಕರಣೆಯ ಮೇಲೆ ನನಗೆ ಜೀವ. ಖಾಲಿ ಹಸಿರು ನೆಲವೊಂದನ್ನು ಕೈಗೆ ಕೊಡುತ್ತದೆ. ಅದರ ಮೇಲೆ ಹೊಳೆ, ಗುಡ್ಡ, ಕಾಡು ಬೇಕಾದಂತೆ ಎಳೆಯಬಹುದು. ಕೋಟೆ ನಿಲ್ಲಿಸಬಹುದು. ಯಾವ ಆಳು ಯಾರ ಪಕ್ಷ, ಏನಾದರೆ ಗೆಲುವು, ಎಲ್ಲ ಕರಾರೂ ನಮ್ಮದೇ. ಮುದಗಲ್ಲಿನ ಕೋಟೆ, ಕೃಷ್ಣೆಯ ನಡುವಿನ ಜಲದುರ್ಗ, ಹೀಗೆ ನಮ್ಮ ಸೀಮೆಯದನ್ನೆಲ್ಲ ಕಟ್ಟಿ ಇಂಟರ್ನೆಟ್ಟಿಗೆ ಬಿಟ್ಟಿದ್ದೆ. ಯಾವ ಯಾವ ದೇಶದವರೋ ಜಲದುರ್ಗಕ್ಕೆ ಮುತ್ತಿಗೆ ಹಾಕಿ, ಸೋತು, ನನ್ನನ್ನು ಬೈದು ಬರೆಯುತ್ತಿದ್ದರು. ಓದಿ ಹಿಗ್ಗುತ್ತಿದ್ದೆ. ಕಂಡರಿಯದವರಿಂದ ಬೈಸಿಕೊಂಡು ಹಿಗ್ಗುವ ಮಗನನ್ನು ಅವ್ವ ತನ್ನ ಹಣೆಬರಹವೆಂದು ಒಪ್ಪಿಕೊಂಡಿದ್ದಳು.

"ಜರಾ ಸರಿಯಣ್ಣ," ಎಂದಳು ತಂಗಿ ಆ ಸಂಜೆ. "ನಾನೂ ಒಂದು ಊರು ಮಾಡ್ತೀನಿ."

ನಮ್ಮ ಸಿಂಧನೂರಿನ ಕಡೆಯದನ್ನು ಅವಳು ಬೇಗ ಮುಗಿಸಿದಳು. ಒಂದು ಕಾಲುವೆ, ಅದರ ಎರಡೂ ದಂಡೆಗೆ ಹಸಿರು, ಅಲ್ಲಿಂದ ಹೊರಟ ರಸ್ತೆ. ದಾರಿಯಲ್ಲಿ ಮಸ್ಕಿಯ ಗುಡ್ಡ. ಲಿಂಗಸುಗೂರಿಗೆ ನಾಲ್ಕು ಮನೆ ಇಟ್ಟು ಮುಂದೆ ಹೋದಳು. ಗುರುಗುಂಟಾ ಬಂದದ್ದೇ ಕೈ ನಿಧಾನವಾಯಿತು. ಹಸಿರನ್ನು ಅಳಿಸಿ ಒಣನೆಲದ ಬಣ್ಣ ಹಚ್ಚಿದಳು. ಎಲ್ಲೆಲ್ಲಿ ಬಂಡೆ ಇದೆಯೋ ಅಲ್ಲಲ್ಲಿ ಬಂಡೆ. ಆ ಆಟದಲ್ಲಿ ಬೇವಿನ ಮರವಿಲ್ಲ. ಹಿಮ ಬೀಳುವ ದೇಶದ ಸೂಜಿಯೆಲೆಯ ಮರವೊಂದನ್ನು ಮನೆಯ ಮುಂದೆ ನೆಟ್ಟು, ಇದೇ ನಮ್ಮ ಬೇವು ಎಂದಳು. ಪುಣ್ಯಕ್ಕೆ ಕುರಿಗಳಿದ್ದವು. ದೊಡ್ಡಿ ತುಂಬ ಕುರಿ ಬಿಟ್ಟಳು.

ನಿಲ್ಲಿಸಿದ ಆಳುಗಳಿಗೆ ಹೆಸರು ಕೊಡಬಹುದು ಎಂದು ತೋರಿಸಿದೆ. ಬಾಗಿಲಲ್ಲಿ ಕುಳಿತವಳಿಗೆ ಅತ್ತೆ ಎಂದು ಬರೆದಳು, ಬಾವಿಯ ಹತ್ತಿರದ ಓರಗಿತ್ತಿಗೆ ನೆಗೆಣ್ಣಿ ಎಂದು. ಕುರಿಗಳ ನಡುವೆ ಒಬ್ಬನನ್ನು ನಿಲ್ಲಿಸಿ ಹೆಸರು ಬರೆಯದೆ ಮುಂದೆ ಹೋದಳು. ಗಂಡನ ಹೆಸರನ್ನು ಅವಳು ಬಾಯಲ್ಲಿ ಹೇಳಿದವಳಲ್ಲ. ಬರೆಯುವುದೂ ಅವಳಿಗೆ ಹೇಳಿದ ಹಾಗೆಯೇ.

ಅವ್ವ ಮೊರ ಬದಿಗಿಟ್ಟು ಪರದೆಯ ಹತ್ತಿರ ಬಂದಳು. ಊರನ್ನೆಲ್ಲ ನೋಡಿದಳು. "ನೀ ಎಲ್ಲದೀ ಇದರಾಗ?"

"ನಾ ಇನ್ನಾ ಬಸ್ಸಿನ್ಯಾಗ ಅದೀನಬೇ," ಎಂದಳು ತಂಗಿ. ಆ ಆಟದಲ್ಲಿ ಬಸ್ಸಿಲ್ಲ. ಕಾಲುವೆಯ ಪಕ್ಕ, ರಸ್ತೆ ಹೊರಡುವಲ್ಲಿ, ಒಬ್ಬ ಹೆಂಗಸನ್ನು ನಿಲ್ಲಿಸಿದಳು.

ಆಡಿ ನೋಡೋಣ ಎಂದು ಶುರು ಮಾಡಿದರೆ, ಮಾಡುವ ಮೊದಲೇ ನೀವು ಗೆದ್ದಿರಿ ಎಂದು ಬಂತು. ಎದುರು ಪಕ್ಷದವರು ಒಬ್ಬರೂ ಇಲ್ಲದಿದ್ದರೆ ಆ ಆಟ ಹಾಗೆಯೇ. ನಕಾಶೆಯಲ್ಲಿ ಒಬ್ಬನಾದರೂ ಶತ್ರು ಬೇಕು. ಯಾರನ್ನು ಮಾಡಲಿ ಎಂದು ಕೇಳಿದೆ. ಆ ಊರಲ್ಲಿ ಯಾರನ್ನೂ ಮಾಡಬೇಡ ಎಂದಳು. ಕೊನೆಗೆ ದೂರದ ಮೂಲೆಯಲ್ಲಿ ಒಬ್ಬ ಸಿಪಾಯಿಯನ್ನು ಇಟ್ಟು, ಸುತ್ತಲೂ ಗುಡ್ಡ ಎಬ್ಬಿಸಿ, ಉಳಿದ ಸಂದನ್ನು ಮರಗಳಿಂದ ಮುಚ್ಚಿದೆವು. ಇದ್ದೂ ಇಲ್ಲದಂತೆ ಇರಲಿ ಎಂದು.

ಅವ್ವ ಅದನ್ನು ಬಹಳ ಹೊತ್ತು ನೋಡಿದಳು. "ಅಲ್ಲಿ ಒಬ್ಬನ ಏನ್ ಉಣ್ತಾನ ಅಂವ?"

"ಅಂವ ಶತ್ರುನಬೇ," ಎಂದಳು ತಂಗಿ.

"ಶತ್ರುಗೇನು ಹೊಟ್ಟಿ ಇರಂಗಿಲ್ಲನ? ನೀನ ಅಲ್ಲ ಅವನ್ನ ತಂದು ಕುಂಡ್ರಿಸಿದಾಕಿ? ತಂದಂವ್ರು ನೋಡ್ಕೋಬೇಕವ್ವ."

ನಮ್ಮದು ಜಂಗಮರಿಗೆ ಬಡಿಸದೆ ಉಣ್ಣದ ಮನೆತನ. ಆ ಮಾತು ತಂಗಿಗೆ ನಾಟಿತು. ಮರುದಿನ ನಾನು ಕೆಲಸಕ್ಕೆಂದು ಅಂಗಡಿಗೆ ಹೋದಾಗ ಅವನಿಗೊಂದು ಮನೆ ಕಟ್ಟಿಕೊಟ್ಟಳು. ಒಂದು ಕಣಜ, ಬಿತ್ತಲೊಂದು ಹೊಲ, ಉರಿಸಲು ಸೌದೆ, ಮಾತಿಗೊಬ್ಬ ಆಳು. ಸಂಜೆ ಬಂದು ನೋಡಿದಾಗ ನನಗೂ ಅದು ಚೆಂದವೇ ಕಂಡಿತು. ಆಡಲು ಕುಳಿತೆವು.

ಹೆಂಗಸು ನಿಧಾನವಾಗಿ ಕಾಲುವೆ ಬಿಟ್ಟು ನಡೆದಳು. ಅವಳು ಮಸ್ಕಿ ಗುಡ್ಡದ ಸುತ್ತು ಮುಗಿಸುವುದರೊಳಗೆ ಮೂಲೆಯ ಸಿಪಾಯಿ ಸುಮ್ಮನೆ ಕುಳಿತಿರಲಿಲ್ಲ. ಕಂಪ್ಯೂಟರ್ ನಡೆಸುವ ಪಕ್ಷಕ್ಕೆ ಕಾಳು ಕಟ್ಟಿಗೆ ಸಿಕ್ಕರೆ ಅದು ದಂಡು ಕಟ್ಟುತ್ತದೆ. ಅದಕ್ಕೆ ಬೇರೆ ಬಾಳು ಗೊತ್ತಿಲ್ಲ. ಮಾತಿಗೆಂದು ಕೊಟ್ಟ ಆಳು ಸಂದಿನ ಮರಗಳನ್ನು ಕಡಿದು ದಾರಿ ಮಾಡಿದ್ದ. ಕುದುರೆಗಳು ಇಳಿದವು. ಕುರಿದೊಡ್ಡಿ ಉರಿಯಿತು, ಮನೆ ಉರಿಯಿತು. ಹೆಂಗಸು ಇನ್ನೂ ಲಿಂಗಸುಗೂರಿನಲ್ಲಿದ್ದಳು.

ಅವ್ವ ತನ್ನದೇ ತಪ್ಪು ಎಂಬಂತೆ ಸೆರಗು ಬಾಯಿಗಿಟ್ಟುಕೊಂಡಳು. ಕಣಜ ತೆಗೆದುಬಿಡೋಣ, ಎಲ್ಲ ಸರಿಹೋಗುತ್ತದೆ ಎಂದೆ.

"ಕೊಟ್ಟು ಕಸಗೊಳ್ಳೋದು ಬ್ಯಾಡಣ್ಣ," ಎಂದಳು ತಂಗಿ. "ಅಂವ ಇರ್ಲಿ. ನಾನ ಲಗೂನ ಹೋಗ್ತೀನಿ."

ಅಂದಿನಿಂದ ಅವಳ ಸಂಜೆಗಳೆಲ್ಲ ಅದಕ್ಕೇ ಹೋದವು. ರಸ್ತೆಯ ತಿರುವುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದಳು. ಆದರೂ ತಡವಾಗುತ್ತಿತ್ತು. ಲಿಂಗಸುಗೂರಿನ ಮನೆಗಳನ್ನು ಬದಿಗೆ ಸರಿಸಿದಳು. ಕೊನೆಗೆ ಮಸ್ಕಿಯ ಗುಡ್ಡವನ್ನೇ ತೆಗೆದುಹಾಕಿದಳು. ಅಷ್ಟು ದೊಡ್ಡ ಗುಡ್ಡ, ಇಷ್ಟು ಕಾಲದಿಂದ ಅಲ್ಲಿ ಕುಳಿತಿದ್ದುದು.

ಒಂದು ಸಂಜೆ ಹೆಂಗಸು ದಂಡಿಗಿಂತ ಮೊದಲು ಹೋಗಿ ಮುಟ್ಟಿದಳು. ಬಾಗಿಲ ಮುಂದೆ ನಿಂತಳು. ಅಷ್ಟೇ. ಅತ್ತೆ ಕುಳಿತಲ್ಲೇ ಕುಳಿತಿದ್ದಳು, ಕುರಿಗಳ ನಡುವೆ ನಿಂತವನು ನಿಂತೇ ಇದ್ದ. ತಂಗಿ ನನ್ನ ಮುಖ ನೋಡಿದಳು. ಈಗ ಏನಾಗುತ್ತದೆ ಎಂದು ಕೇಳಿದಳು. ನಾವು ಬರೆದದ್ದಷ್ಟೇ ಆಗುತ್ತದೆ, ಬರೆಯದಿದ್ದರೆ ಏನೂ ಆಗುವುದಿಲ್ಲ ಎಂದೆ. ಏನು ಬರೆಯಲಿ ಎಂದೂ ಕೇಳಿದೆ.

"ಅತ್ತಿ ಎದ್ದು ಬರ್ಲಿ," ಎಂದಳು.

ಬರೆದೆ. ಹೆಂಗಸು ಬಾಗಿಲ ಹತ್ತಿರ ಬಂದರೆ ಅತ್ತೆ ನಾಲ್ಕು ಹೆಜ್ಜೆ ಎದುರು ಬರುವಂತೆ. ಆಡಿಸಿದೆವು, ಅತ್ತೆ ಎದ್ದು ಬಂದಳು. ತಂಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಪಂಚಮಿಯ ನಂತರ ಅವಳು ನಕ್ಕದ್ದು ನನಗೆ ಅದೊಂದೇ ನೆನಪಿದೆ. ಆ ಉಮೇದಿನಲ್ಲಿ ನಾನು ಕುರಿಗಳ ನಡುವಿನವನ ಮೇಲೂ ಮೌಸಿನ ಬಾಣದ ಗುರುತು ಇಟ್ಟೆ. ಅವಳು ನನ್ನ ಕೈ ಹಿಡಿದಳು.

"ಅವ್ರನ್ನ ನೀ ಮುಟ್ಟಬ್ಯಾಡಣ್ಣ. ಅವ್ರು ತಾವ ಬರ್ಬೇಕು."

ನಾನು ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ದೀಪಾವಳಿಗೆ ಎರಡು ದಿನವಿರುವಾಗ ತುರ್ವಿಹಾಳದ ನಮ್ಮ ಸೋದರಮಾವ ಯಾರಿಗೂ ಹೇಳದೆ ಗುರುಗುಂಟಾಕ್ಕೆ ಹೋಗಿ ಬಂದ. ಮಧ್ಯಾಹ್ನ ನಮ್ಮ ಮನೆ ಮುಂದೆ ಬೈಕು ನಿಲ್ಲಿಸಿ, ಒಳಗೆ ಬಂದು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ದೂಳು ಅಷ್ಟಿರಲಿಲ್ಲ. ಮಾವ ನಾಲ್ಕು ಜನರ ಜಗಳ ಬಿಡಿಸುವ ಮನುಷ್ಯ, ಮಾತಿಗೆ ಎಂದೂ ತಡವರಿಸಿದವನಲ್ಲ. ಅಂದು ಅವ್ವ ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟ.

"ಮನಸಿಲ್ಲಂತಕ್ಕ ಅವಗ. ಹುಡುಗೀದು ತಪ್ಪೇನಪಾ ಅಂದ್ರ, ತಪ್ಪೇನಿಲ್ಲ ಅಂತಾನ. ತಪ್ಪು ಅಂದಿದ್ರ ನಾ ಜಗಳಾನರ ಮಾಡ್ತಿದ್ದೆ. ತಪ್ಪಿಲ್ಲ, ಮನಸಿಲ್ಲ ಅಂದಂವನ ಕೂಡ ಏನಂತ ಮಾತಾಡ್ಲಿ?"

ತಂಗಿ ಒಳಬಾಗಿಲಲ್ಲಿ ನಿಂತಿದ್ದಳು. ಒಂದೇ ಮಾತು ಕೇಳಿದಳು. "ಅವ್ರ ಬಾಯಿಲೆ ಅಂದ್ರನ ಮಾವ, ಮನಿಯಂವ್ರು ಅಂದ್ರನ?"

ಮಾವ ನೆಲ ನೋಡಿದ. "ಅವನ ಬಾಯಿಲೆನವ್ವಾ."

ಅವಳು ಒಳಗೆ ಹೋಗಿ ಮಾವನಿಗೆ ಚಹ ಮಾಡಿ ತಂದಳು. ಸಕ್ಕರೆ ಸಾಕೋ ಎಂದು ಕೇಳಿದಳು. ಸಾಕು ಎಂದ. ಅವ್ವ ಅತ್ತಳು, ತಂಗಿ ಅಳಲಿಲ್ಲ. ಆ ಸಂಜೆ ಕಂಪ್ಯೂಟರಿನ ಮುಂದೆ ಬಂದು ಕೂರಲಿಲ್ಲ. ಮರುದಿನವೂ ಇಲ್ಲ. ನಾನಾಗಿ ಕರೆದಾಗ, ನಿನ್ನ ಕೋಟೆ ನೀನು ಕಟ್ಟಿಕೋ, ನನಗೆ ಕೆಲಸವಿದೆ ಎಂದಳು. ನನಗೂ ಕೋಟೆ ಕಟ್ಟಲು ಮನಸ್ಸಾಗಲಿಲ್ಲ.

ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ನನ್ನ ಫೋನಿಗೆ ಗುರುತಿಲ್ಲದ ದನಿಯೊಂದು ಬಂತು. ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲಿ ಚೀಲ ಹಾಕಿದ್ದೇವೆ, ಇಳಿಸಿಕೊಳ್ಳಿ ಎಂದಿತು. ಸ್ಟ್ಯಾಂಡಿಗೆ ಹೋದೆ. ಗೋಣಿಚೀಲದಲ್ಲಿ ಮದುವೆಯಲ್ಲಿ ನಾವು ಕೊಟ್ಟ ಪಾತ್ರೆಗಳಿದ್ದವು: ಕೊಡ, ಪರಾತ, ತಟ್ಟೆ, ಲೋಟ. ಜೊತೆಗೆ ಯಾರೂ ಬಂದಿರಲಿಲ್ಲ. ಮನೆಗೆ ತಂದು ಅಂಗಳದಲ್ಲಿ ಇಳಿಸಿದೆ. ತಂಗಿ ಹುಣಸೆಹಣ್ಣು ಹಚ್ಚಿ ಎಲ್ಲವನ್ನೂ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದಳು. ಒಣಗಿದ ಮೇಲೆ ಒಳಗೆ ತಂದಳು. ಅಡಿಗೆಮನೆಯ ಹಲಗೆಯ ಮೇಲೆ ಜಾಗವಿರಲಿಲ್ಲ. ಅವ್ವ ತನ್ನ ಪಾತ್ರೆಗಳನ್ನು ಒಂದು ಬದಿಗೆ ಸರಿಸಿಕೊಟ್ಟಳು.