ಮದೀನಾಬಿಯ ಖರೇ ದೂರು

ಹುಬ್ಬಳ್ಳಿಯ ಮದೀನಾಬಿ ನಾಲ್ಕು ವರ್ಷಗಳಲ್ಲಿ ಪೊಲೀಸರಿಗೆ ನಲವತ್ತು ದೂರು ಕೊಟ್ಟಿದ್ದಳು. ಗಂಡ ಬಡಿದ, ಮೈದುನ ಬಾಗಿಲು ಹಾಕಿಕೊಂಡ, ಅತ್ತೆ ಸೀಮೆಎಣ್ಣೆ ಡಬ್ಬಿ ಎತ್ತಿದಳು, ಹೀಗೆ ಒಂದೊಂದು ಸಲ ಒಂದೊಂದು. ಎಲ್ಲವನ್ನೂ ಪೊಲೀಸರು ನೀರು ಕೊಟ್ಟು, ಸಮಾಧಾನ ಹೇಳಿ, ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದರು. ಒಂದೂ ನಿಜವಾಗಿರಲಿಲ್ಲ. ಅವೆಲ್ಲ ತರಬೇತಿಯ ದೂರುಗಳು.

ಅದುವರೆಗೆ ನಿಜವಾದ ದೂರು ಕೊಡಲು ಅವಳು ಹೋಗಿದ್ದು ಒಂದೇ ಸಲ, ೧೯೯೯ರಲ್ಲಿ. ಗಂಡ ಹುಸೇನಬಾಷಾ ಗಬ್ಬೂರ ಬೈಪಾಸಿನ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುವವನು. ಕೈ ಗಟ್ಟಿ. ಆ ದಿನ ಅವಳ ಮುಂಗೈ ಮುರಿದಿತ್ತು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ದ್ಯಾಮಣ್ಣ ಗಂಡನನ್ನೂ ಕರೆಸಿ, ಅವನಿಗೆ ಚಹಾ ತರಿಸಿಕೊಟ್ಟು, ಇವಳಿಗೆ ಬುದ್ಧಿ ಹೇಳಿದ.

"ಅಂವ ಕೈ ಮುರದಾನ, ಆತು. ಕೈ ಕೂಡ್ತೈತಿ. ನೀ ಮನಿ ಮುರಿಯಾಕ ಹೊಂಟೀಯಲ್ಲ ತಂಗಿ, ಅದು ಕೂಡ್ತೈತೇನು?"

ಮುಂದೆ ಓಣಿಯ ಹೊಲಿಗೆ ತರಗತಿಯಲ್ಲಿ ಮದೀನಾಬಿ ದ್ಯಾಮಣ್ಣನ ಈ ಮಾತನ್ನು, ಮೀಸೆ ತೀಡುವುದರ ಸಮೇತ, ಮಾಡಿ ತೋರಿಸುತ್ತಿದ್ದಳು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅದನ್ನು ನೋಡಿದವರು ಧಾರವಾಡದ ಗೀತಾಂಜಲಿ. ಹೆಂಗಸರ ಮೇಲಿನ ದೌರ್ಜನ್ಯದ ಕೇಸುಗಳನ್ನು ಹೇಗೆ ನಡೆಸಬೇಕೆಂದು ಪೊಲೀಸರಿಗೆ ತರಬೇತಿ ಕೊಡುವ ಸಂಸ್ಥೆ ಅವರದು.

"ಇದನ್ನ ಪೊಲೀಸರ ಮುಂದ ಮಾಡ್ತೀಯೇನು, ಮದೀನಾ?"

"ಒಳಗ ಹಾಕಂಗಿಲ್ಲ ಅಂದ್ರ ಮಾಡ್ತೀನ್ರಿ ಮೇಡಂ."

ಹೀಗೆ ೨೦೦೪ರಿಂದ ಅವಳು ತರಬೇತಿಯಲ್ಲಿ ದೂರುದಾರಳ ಪಾತ್ರ ಮಾಡತೊಡಗಿದಳು. ಒಂದೊಂದು ತಂಡಕ್ಕೆ ಮೂರು ದಿನ. ಮೊದಲ ದಿನ ಅಧಿಕಾರಿಗಳು ತಮಗೆ ಗೊತ್ತಿದ್ದ ಪ್ರಶ್ನೆಗಳನ್ನೇ ಕೇಳುತ್ತಿದ್ದರು: "ಅಂವ ಸುಮ್ಮಸುಮ್ಮನ ಯಾಕ ಬಡೀತಾನ? ನೀ ಏನ್ ಮಾಡಿದ್ದಿ?" ಒಮ್ಮೆ ಅತ್ಯಾಚಾರದ ಪಾಠ ನಡೆದಾಗ ಒಬ್ಬ ಹಿರಿಯ ಅಧಿಕಾರಿ ಎದ್ದು, ಆ ಹುಡುಗಿ ಎಂಥ ಬಟ್ಟೆ ಹಾಕಿದ್ದಳು ಎಂದು ವಿಚಾರಿಸಿದರು. ಗೀತಾಂಜಲಿ ಅವರಿಗೆ ಕೇಳಿದರು:

"ನಿಮ್ಮ ಮೋಟರ್‌ಸೈಕಲ್ ಕಳುವಾತು ಅಂತ ತಿಳೀರಿ. ಅಷ್ಟು ಛಂದ ಒರಸಿ ಹೊರಗ ಯಾಕ ನಿಲ್ಲಿಸಿದ್ರಿ ಅಂತ ನಿಮ್ಮನ್ನ ಬೈತಾರೇನ್ರಿ?"

ಮೂರನೆಯ ದಿನದ ಪರೀಕ್ಷೆಯ ಹೊತ್ತಿಗೆ ಮಾತ್ರ ಎಲ್ಲರ ಬಾಯಲ್ಲೂ ಬೆಣ್ಣೆ. ಪ್ರಮಾಣಪತ್ರ, ಗುಂಪು ಫೋಟೊ, ಗೋಧಿ ಹುಗ್ಗಿಯ ಊಟ. ಆಮೇಲೆ ಎಲ್ಲರೂ ತಮ್ಮ ತಮ್ಮ ಠಾಣೆಗೆ ಮರಳಿ ಗಂಡಂದಿರಿಗೆ ಚಹಾ ತರಿಸುತ್ತಿದ್ದರು.

ಹುಸೇನಬಾಷಾನಿಗೆ ಹೆಂಡತಿಯ ಈ ಕೆಲಸದ ಬಗ್ಗೆ ತಕರಾರಿರಲಿಲ್ಲ. ಇವತ್ತು ಯಾರು ಬಡಿದರು ಎಂದು ಕೇಳಿ ನಗುತ್ತಿದ್ದ. ಎಲ್ಲ ಪೊಲೀಸರ ಗುರುತಿದ್ದೂ ಅವಳು ತುಟಿ ಬಿಚ್ಚುವುದಿಲ್ಲ ಎಂಬ ಧೈರ್ಯ ಅವನದು. ೨೦೦೮ರ ಒಂದು ಸಂಜೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುಖಕ್ಕೇ ಗುದ್ದಿದ. ಮರುದಿನ ಅವಳು ಬಾತ ಕಣ್ಣಿನೊಂದಿಗೇ ತರಬೇತಿಯ ಪರೀಕ್ಷೆಗೆ ಹೋದಳು. ಆ ತಂಡದಲ್ಲಿ ಮೊದಲ ಸ್ಥಾನ ಪಡೆದ ಪಿಎಸ್‌ಐ ಫಕೀರೇಶ ಹತ್ತಿರ ಬಂದು ಮೆಚ್ಚಿಕೊಂಡ.

"ಮೇಕಪ್ ಭಾಳ ಛಲೋ ಆಗೇತ್ರಿ. ಖರೇನ ಅನಸ್ತೈತಿ. ಯಾರು ಮಾಡಿದ್ರು?"

"ಮನ್ಯಾಗ ಮಾಡ್ಯಾರ್ರಿ," ಎಂದಳು ಮದೀನಾಬಿ.

ಗೀತಾಂಜಲಿ ಅವಳನ್ನು ಪಕ್ಕಕ್ಕೆ ಕರೆದೊಯ್ದು ಕೂರಿಸಿಕೊಂಡರು. ಅಷ್ಟು ವರ್ಷ ಜೊತೆಗಿದ್ದೂ ತಾವು ಅವಳ ಮನೆಯ ಬಗ್ಗೆ ಕೇಳಿರಲಿಲ್ಲವಲ್ಲ ಎಂದು ಅವರಿಗೇ ನಾಚಿಕೆಯಾಗಿತ್ತು.

"ದೂರು ಕೊಡೋಣು, ನಡಿ."

"ಸುಳ್ಳು ನಲವತ್ತು ಕೊಟ್ಟೀನ್ರಿ ಮೇಡಂ. ಖರೇ ಒಂದು ಕೊಡಾಕ ಕೈಕಾಲು ನಡಗ್ತಾವ."

ಆದರೂ ಎರಡು ದಿನ ಬಿಟ್ಟು, ಯಾರಿಗೂ ಹೇಳದೆ, ಒಬ್ಬಳೇ ಅದೇ ಹಳೆಯ ಠಾಣೆಗೆ ಹೋದಳು. ಅಲ್ಲಿಗೆ ಆಗಷ್ಟೇ ವರ್ಗವಾಗಿ ಬಂದಿದ್ದವನು ಅದೇ ಫಕೀರೇಶ. ಅವಳನ್ನು ನೋಡಿದ್ದೇ, ಕಲಿತದ್ದನ್ನು ಮಾಡುತ್ತಾರೋ ಇಲ್ಲವೋ ಎಂದು ನೋಡಲು ಮೇಲಿನವರು ಗುಟ್ಟಾಗಿ ಪರೀಕ್ಷೆಗೆ ಕಳಿಸಿದ್ದಾರೆ ಎಂದುಕೊಂಡ. ಎದ್ದು ನಿಂತ.

"ಬರ್ರಿ, ಕುಂದರ್ರಿ. ಗಾಬರಿ ಆಗಬ್ಯಾಡ್ರಿ. ಅವಸರಿಲ್ಲ, ಸಾವಕಾಶ ಹೇಳ್ರಿ."

ಮಹಿಳಾ ಪೇದೆಯನ್ನು ಕರೆಸಿದ. ಮದೀನಾಬಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಸಿದ. ಓದಿ ಹೇಳಿಸಿದ. ಮುರಿದ ಮುಂಗೈಯ ಹಳೆಯ ಕಥೆ ಬಂದಾಗ, ಇನ್ನೂ ಅಲ್ಲೇ ಇದ್ದ ದ್ಯಾಮಣ್ಣ ಕೆಮ್ಮಿದ. ಫಕೀರೇಶ ಅವನನ್ನು ಕಣ್ಣಲ್ಲೇ ಗದರಿಸಿದ. ಅಪರಾಧ ಸಂಖ್ಯೆ ಬಿತ್ತು, ಮುದ್ರೆ ಬಿತ್ತು, ದೂರಿನ ಉಚಿತ ಪ್ರತಿ ಅವಳ ಕೈಗೆ ಬಂತು. ವೈದ್ಯಕೀಯ ತಪಾಸಣೆಗೆ ಪತ್ರವೂ ತಯಾರಾಯಿತು. ಎಲ್ಲ ಮುಗಿದ ಮೇಲೆ ಅವನು ಬೆವರು ಒರೆಸಿಕೊಂಡು ಮೆಲ್ಲಗೆ ಕೇಳಿದ:

"ಎಷ್ಟು ಮಾರ್ಕ್ಸ್ ಕೊಡ್ತೀರಿ?"

"ಇದು ಖರೇ ದೂರು ಐತ್ರಿ ಸಾಹೇಬ್ರ."

ಮೊದಲು ಬಾಯಿ ಬಿಟ್ಟವನು ದ್ಯಾಮಣ್ಣ: "ಸರ್, ಗಂಡನ್ನ ಕರಿಸಿ ರಾಜಿ ಮಾಡಸೋಣ್ರಿ. ಇದನ್ನ ಹೆಂಗರ..."

"ನಂಬರ್ ಬಿದ್ದೈತ್ರಿ ಅಣ್ಣಾರ," ಎಂದಳು ಮದೀನಾಬಿ. ಪಾಠ ಅವಳಿಗೆ ಬಾಯಿಪಾಠವಾಗಿತ್ತು. "ನಂಬರ್ ಬಿದ್ದ ಮ್ಯಾಲ ಹರಿಯಾಕ ಬರಂಗಿಲ್ಲ. ಎರಡನೇ ದಿನ ಮಧ್ಯಾಹ್ನ ಹೇಳಿಕೊಡ್ತಾರ."

ಫಕೀರೇಶ ಆ ಹಾಳೆಯನ್ನೂ ಅವಳ ಕಣ್ಣನ್ನೂ ನೋಡಿದ. ಮೇಕಪ್ಪಿನ ಮಾತು ಅವನಿಗೆ ನೆನಪಾಗಿರಬೇಕು. ಕೊನೆಗೆ, "ಜೀಪ್ ತಗೀರಿ. ಮೊದಲ ಇವರನ್ನ ದವಾಖಾನಿಗೆ ಕರಕೊಂಡು ಹೋಗ್ರಿ," ಎಂದ.

ಹುಸೇನಬಾಷಾ ಒಳಗೆ ಹೋಗಿ ಜಾಮೀನಿನ ಮೇಲೆ ಬಂದ. ಕೇಸು ಎಷ್ಟೋ ವಾಯಿದೆ ಕಂಡಿತು. ಅವನು ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟು ಆದೇಶ ಮಾಡಿತು. ತ್ವರಿತ ಕ್ರಮಕ್ಕಾಗಿ ಫಕೀರೇಶನಿಗೆ ಪ್ರಶಂಸಾಪತ್ರ ಬಂತು. ಮದೀನಾಬಿಗೂ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು: ತಾವು ಈಗ ವಾಸ್ತವಿಕ ದೂರುದಾರರಾಗಿರುವುದರಿಂದ ದೂರುದಾರರ ಪಾತ್ರಕ್ಕೆ ಅರ್ಹರಲ್ಲ.

ಗೀತಾಂಜಲಿ ಜಗಳವಾಡಲು ಹೊರಟರು. ಮದೀನಾಬಿಯೇ ತಡೆದಳು. "ಇರಲಿ ಬಿಡ್ರಿ ಮೇಡಂ. ಅತ್ತು ಅತ್ತು ನನಗೂ ಸಾಕಾಗೇತಿ."

ಅವಳು ಧಾರವಾಡದ ಸತ್ತೂರಿನಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಯಂತ್ರ ಹಾಕಿಕೊಂಡಳು. ಅಲ್ಲಿನ ಆಸ್ಪತ್ರೆಯ ನರ್ಸುಗಳ ಕುಪ್ಪಸಗಳು ಸಾಲಾಗಿ ಬರತೊಡಗಿದವು. ಆದರೂ ಹೊರಗೆ ಯಾರದೋ ಹೆಜ್ಜೆ ಸಪ್ಪಳವಾದರೆ ಯಂತ್ರ ನಿಲ್ಲಿಸಿ ಕಿವಿಗೊಡುವ ಚಾಳಿ ಬಿಡಲು ಅವಳಿಗೆ ಒಂದು ವರ್ಷ ಹಿಡಿಯಿತು.