ದೊಡ್ಡಮ್ಮ ಮತ್ತು ದಾರಿಯವ್ವ

ದೊಡ್ಡಮ್ಮ ಮೂಳೆ ಮುಟ್ಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೋವಿನವರು ಎದುರಿಗೆ ಹಲ್ಲು ಕಚ್ಚಿಕೊಂಡು ಕೂತಿರುವಾಗ, ಇವಳು ಬೇರೆ ಎಲ್ಲೋ ನಡೆಯುವ ಮಾತನ್ನು ಕೇಳಿಸಿಕೊಳ್ಳುವವಳಂತೆ ತಲೆಯನ್ನು ತುಸು ವಾಲಿಸಿ, ಎರಡೂ ಹೆಬ್ಬೆರಳನ್ನು ಚರ್ಮದ ಮೇಲೆ ಮೆಲ್ಲಗೆ ಜರುಗಿಸುತ್ತಿದ್ದಳು. ಅವಳ ಬಲಗೈ ಚೆನ್ನಾಗಿದ್ದ ಕೊನೆಯ ದಿನವೂ ಅವಳನ್ನು ನಾನು ಹಾಗೆಯೇ ನೋಡಿದೆ.

ಅದು ಶುಕ್ರವಾರ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುವ ನಂಜುಂಡಪ್ಪ ಮೊದಲ ಶಿಫ್ಟು ಮುಗಿಸಿ, ಉಳುಕಿದ ಮೊಣಕೈ ಹಿಡಿದುಕೊಂಡು ಬಂದಿದ್ದ. "ಮುಟ್ಟಲೇನಪ್ಪ?" ಎಂದು ದೊಡ್ಡಮ್ಮ ಕೇಳಿದಳು. ಹಸುಗೂಸಾಗಲಿ ಪೊಲೀಸಿನವನಾಗಲಿ, ಕೇಳದೆ ಅವಳು ಯಾರನ್ನೂ ಮುಟ್ಟುತ್ತಿರಲಿಲ್ಲ. ಒಳಗೆ ಹೋಗಿ ಕಟ್ಟು ಹಾಕಿಸಿಕೊಂಡು ಬಂದ ಮೇಲೂ ನಂಜುಂಡಪ್ಪ ಜಗಲಿ ಬಿಟ್ಟು ಹೋಗಲಿಲ್ಲ.

"ಅಜ್ಜಿ, ನಿಮ್ಮ ಫಾರಿನ್ ಡಾಕ್ಟ್ರಮ್ಮ ಎಲ್ಲೀವರ್ಗೂ ಬಂದ್ರು?"

"ಕುಂತ್ಕೊ. ಪುಟ್ಟಿ ಈಗ ಓದ್ತಾಳೆ. ಬೀಡಿ ಮಾತ್ರ ಅಚ್ಚಬ್ಯಾಡ."

ನಾನು ಪುಸ್ತಕ ತೆಗೆದು ಓದಿದೆ. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಅದನ್ನು ಹೇಳುವ ಮೊದಲು ಆ ಪುಸ್ತಕ ನಮ್ಮ ಮನೆಗೆ ಬಂದದ್ದನ್ನು ಹೇಳಬೇಕು.

ದೊಡ್ಡಮ್ಮನ ಹೆಸರು ಗಂಗಮ್ಮ, ನನ್ನ ಅಪ್ಪನ ಅಣ್ಣನ ಹೆಂಡತಿ. ಮದುವೆಯಾಗಿ ಆರು ವರ್ಷಕ್ಕೆ ದೊಡ್ಡಪ್ಪ ತೀರಿಕೊಂಡ. ಮಕ್ಕಳಿರಲಿಲ್ಲ. ಮೂಳೆ ಕಟ್ಟುವುದನ್ನು ಅವಳಿಗೆ ಕಲಿಸಿದ್ದು ಅವಳ ಅತ್ತೆ, ಅತ್ತೆಗೆ ಅವರ ಅತ್ತೆ. ಆ ವಿದ್ಯೆ ಮನೆಗೆ ಬಂದ ಸೊಸೆಗೆ ಮಾತ್ರ ಹೋಗಬೇಕು, ಮನೆ ಬಿಟ್ಟು ಹೋಗುವ ಹೆಣ್ಣುಮಗಳಿಗೆ ಹೋಗಬಾರದು ಎಂಬುದು ನಮ್ಮಲ್ಲಿ ನಡೆದುಬಂದ ಕಟ್ಟಳೆ. ನಮ್ಮಮ್ಮ ಕಲಿಯಬಹುದಾಗಿತ್ತು. ಆದರೆ ನೋವಿನವರ ಕೂಗು ಕೇಳಿದರೇ ಅವಳಿಗೆ ತಲೆ ಸುತ್ತುತ್ತಿತ್ತು. ಹೀಗಾಗಿ ದೊಡ್ಡಮ್ಮ ನನ್ನ ತಮ್ಮನ ಹೆಂಡತಿಗಾಗಿ ಕಾಯುತ್ತಿದ್ದಳು. ತಮ್ಮ ಆಗ ಮೂರನೆಯ ಕ್ಲಾಸು. ನನಗೆ ಹತ್ತೊಂಬತ್ತು. ಜಗಲಿಯಲ್ಲಿ ಮುಟ್ಟಿ ನೋಡಿದ ಮೇಲೆ, ಎಳೆದು ಕಟ್ಟಲು ಅವಳು ನೋವಿನವರನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಾಗಲೆಲ್ಲ ನಾನು ಆಚೆ ನಿಂತಿರುತ್ತಿದ್ದೆ. ಕಲಿಯಬೇಕೆಂಬ ಆಸೆ ಹೊಟ್ಟೆಯೊಳಗೆ ಹಸಿವಿನಂತೆ ಇತ್ತು. ಕೇಳಲು ಬಾಯಿ ಬರಲಿಲ್ಲ.

ನಮ್ಮ ಹೊಲ ಕಾರ್ಖಾನೆಗಳಿಗೆ ಹೋದ ಮೇಲೆ ಅಪ್ಪ ಹಿತ್ತಲಿನಲ್ಲಿ ಸಾಲು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಒಂದರಲ್ಲಿ ಸೂಸನ್ ಎಂಬ ಕೇರಳದ ಹುಡುಗಿ ಇದ್ದಳು, ರೇಡಿಯೊ ಬಿಡಿಭಾಗ ಮಾಡುವ ಕಡೆ ಕೆಲಸ. ಬಸ್ಸಿನಿಂದ ಇಳಿಯುವಾಗ ಅವಳ ಕಾಲು ಹೊರಳಿತು. ದೊಡ್ಡಮ್ಮ ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಕಲಸಿ ಪಟ್ಟು ಹಾಕಿ ಹದಿನೈದು ದಿನದಲ್ಲಿ ಓಡಾಡುವಂತೆ ಮಾಡಿದಳು. ಕಟ್ಟಿದ್ದಕ್ಕೆ ಕೂಲಿಯಾಗಿ ಎಲೆ ಅಡಿಕೆ ಬಿಟ್ಟು ಬೇರೇನನ್ನೂ ದೊಡ್ಡಮ್ಮ ಮುಟ್ಟುವುದಿಲ್ಲ ಎಂದು ತಿಳಿದು, ಕೋಣೆ ಖಾಲಿ ಮಾಡಿ ಊರಿಗೆ ಹೋಗುವಾಗ ಸೂಸನ್ ತನ್ನ ಹತ್ತಿರವಿದ್ದ ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟಳು. "ಅಮ್ಮಾ, ಇದು ನಿಮ್ಮ ಥರಾನೇ ಒಬ್ಬರ ಕಥೆ" ಎಂದಳು.

ದೊಡ್ಡಮ್ಮನಿಗೆ ಅಕ್ಷರವೇ ಬರುತ್ತಿರಲಿಲ್ಲ. ಪುಸ್ತಕವನ್ನು ಎರಡು ದಿನ ದೇವರ ಗೂಡಿನಲ್ಲಿ ಇಟ್ಟಿದ್ದಳು. ಮೂರನೆಯ ದಿನ ನನ್ನನ್ನು ಕರೆದಳು. "ನನ್ನ ಥರಾ ಅಂದ್ಲಲ್ಲ, ಏನ್ ಬರ್ದವ್ರೆ ನೋಡಮ್ಮಿ."

ನಾನು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮೀಡಿಯಂ. ಶಾಲೆಯ ಡಿಕ್ಷನರಿ ಇಟ್ಟುಕೊಂಡು ಬೆಳಿಗ್ಗೆಯೆಲ್ಲ ಒಂದು ಪುಟ ಬಿಡಿಸುವುದು, ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಅದನ್ನು ಕನ್ನಡದಲ್ಲಿ ಹೇಳುವುದು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಯಾವುದೋ ದೊಡ್ಡ ಯುದ್ಧದಲ್ಲಿ ಲೋಕವೆಲ್ಲ ಸುಟ್ಟುಹೋಗಿ, ಎಷ್ಟೋ ತಲೆಮಾರು ಕಳೆದ ಮೇಲಿನ ಕಥೆ ಅದು. ಪಟ್ಟಣಗಳು ಕರಗಿ ಗಾಜಿನಂತೆ ಬಿದ್ದಿವೆ. ಉಳಿದ ಜನ ಅಲ್ಲೊಂದು ಇಲ್ಲೊಂದು ಊರು ಕಟ್ಟಿಕೊಂಡಿದ್ದಾರೆ. ಆ ಊರುಗಳ ನಡುವೆ ಒಬ್ಬ ಹೆಂಗಸು ಔಷಧಿಯ ಮಡಕೆ ಹೊತ್ತು ನಡೆಯುತ್ತಾಳೆ, ಕಾಯಿಲೆಯವರನ್ನು ನೋಡುತ್ತಾಳೆ, ಮುಂದಿನ ಊರಿಗೆ ಹೋಗುತ್ತಾಳೆ. ಅವಳ ಹೆಸರು ದೊಡ್ಡಮ್ಮನ ನಾಲಿಗೆಗೆ ಹೊರಳಲಿಲ್ಲ. ದಾರಿಯವ್ವ ಎಂದು ಕರೆದಳು. ನಮಗೆಲ್ಲ ಅದೇ ಹೆಸರಾಯಿತು.

ಮೊದಲ ದಿನವೇ ಒಂದು ಕಡೆ ನನ್ನನ್ನು ತಡೆದಳು.

"ಒಬ್ಳೇ ನಡೀತಾಳಾ?"

"ಹೂಂ."

"ಗಂಡ ಎಲ್ಲಿ, ಯಾರ ಮನೆಯೋಳು ಅಂತ ಆ ಊರೋರು ಕೇಳಲ್ವಾ?"

ನಾನು ಪುಟವನ್ನು ಮತ್ತೆ ನೋಡಿದೆ. "ಇಲ್ಲ ದೊಡ್ಡಮ್ಮ. ಯಾರೂ ಕೇಳಲ್ಲ. ನೀರು ಬೇಕಾ ಅಂತ ಕೇಳ್ತಾರೆ."

"ಇನ್ನೊಂದ್ಸಲ ಓದು."

ಮತ್ತೆ ಓದಿದೆ. ಅವಳು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದಳು. ಗಂಡ ಸತ್ತ ಮೇಲೆ ನೋವಿನವರ ಮನೆಗೆ ಹೋಗಬೇಕಾದಾಗಲೆಲ್ಲ ನಮ್ಮಪ್ಪನನ್ನು ಜೊತೆಗೆ ಕರೆದುಕೊಂಡೇ ಹೋದವಳು ಅವಳು.

ಇನ್ನೊಂದು ಸಲ ತಪ್ಪು ನನ್ನದು. ಮರಳುಗಾಡು ದಾಟುವ ವ್ಯಾಪಾರಿಗಳ ಗುಂಪೊಂದು ಬರುತ್ತದೆ. ಪುಸ್ತಕದಲ್ಲಿ ಲೀಡರ್ ಎಂದಷ್ಟೇ ಇದ್ದ ಅದರ ಮುಖ್ಯಸ್ಥನನ್ನು ನಾನು ಮೂರು ದಿನ ಯಜಮಾನ, ಯಜಮಾನ ಎಂದು ಹೇಳುತ್ತಾ ಬಂದೆ. ನಾಲ್ಕನೆಯ ದಿನ ಆ ಯಜಮಾನ ಕಲ್ಲಿನ ಮೇಲೆ ಕೂತು ಮಗುವಿಗೆ ಮೊಲೆಯೂಡಿಸಿದ. ಕಾಲು ಕಟ್ಟಿಸಿಕೊಳ್ಳಲು ಬಂದಿದ್ದ ಗಾರ್ಮೆಂಟ್ಸಿನ ಹೆಂಗಸು ನಕ್ಕೂ ನಕ್ಕೂ ಕೆಮ್ಮಿದಳು. "ಅಂಥಾ ಯಜಮಾನ ನಮ್ಮನೇಲೂ ಒಬ್ಬ ಇದ್ದಿದ್ರೆ ನಾನು ನೈಟ್ ಶಿಫ್ಟಿಗೆ ಆರಾಮಾಗಿ ಓಗ್ತಿದ್ದೆ ಕಣಕ್ಕ!"

ದೊಡ್ಡಮ್ಮ ನಗಲಿಲ್ಲ. "ನೀನ್ಯಾಕಮ್ಮಿ ಅವಳನ್ನ ಗಂಡ್ಸು ಅಂದ್ಕೊಂಡೆ?" ಎಂದಳು.

ಈಗಲೂ ಆ ಪ್ರಶ್ನೆ ನೆನಪಾದರೆ ಮುಖ ಬಿಸಿಯಾಗುತ್ತದೆ. ಪುಸ್ತಕ ಆ ಸಂಗತಿಯನ್ನು ದೊಡ್ಡದು ಮಾಡಿ ಹೇಳುವುದೇ ಇಲ್ಲ. ಅಲ್ಲಿ ಕಮ್ಮಾರಳು ಹೆಂಗಸು, ಊರ ನ್ಯಾಯ ಹೇಳುವವಳು ಹೆಂಗಸು. ನಮ್ಮಲ್ಲಿ ಮಳೆ ಬಂತು ಎನ್ನುವಷ್ಟೇ ಸಲೀಸಾಗಿ ಹೇಳಿ ಮುಂದೆ ಹೋಗಿಬಿಡುತ್ತದೆ. ಸುಟ್ಟ ಲೋಕಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಆ ಸಲೀಸು.

ದೊಡ್ಡಮ್ಮನಿಗೆ ಅದು ಕಟ್ಟಿದ ಕಥೆ ಎನ್ನಿಸಲೇ ಇಲ್ಲ. ದಾರಿಯವ್ವ ಎಲ್ಲೋ ದೂರದ ಸೀಮೆಯಲ್ಲಿ ಇದೇ ಕೆಲಸ ಮಾಡಿಕೊಂಡಿರುವವಳು ಎಂದೇ ಅವಳ ಎಣಿಕೆ. ಅವಳ ಕೆಲಸಕ್ಕೆ ತಪ್ಪು ಒಪ್ಪು ಹೇಳುತ್ತಿದ್ದಳು. "ಜ್ವರ ಇರೋವಾಗ ಕಟ್ಟು ಬಿಚ್ಚಬಾರ್ದಿತ್ತು, ಅವಸರ ಮಾಡಿದ್ಲು." "ಕೇಳಿ ಮುಟ್ಟಿದ್ಲು ನೋಡು, ಒಳ್ಳೇ ಮನೇಲಿ ಕಲ್ತವ್ಳೆ." ವಿಕಿರಣ ಎಂಬುದನ್ನು ಹೇಗೆ ಹೇಳಬೇಕೆಂದು ತಿಳಿಯದೆ ನಾನು ಕಣ್ಣಿಗೆ ಕಾಣದ ಬೆಂಕಿ ಎಂದಿದ್ದೆ. "ಕಾಣದ ಬೆಂಕಿಗೆ ನೀರು ಉಯ್ಯೋದು ಎಲ್ಲಿಗೆ?" ಎಂದಳು. ಅಣುಬಾಂಬಿನ ವಿಷಯ ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅದು ನನಗೆ ಅರ್ಥವಾದದ್ದು ಆ ಮಧ್ಯಾಹ್ನ.

ಆ ಶುಕ್ರವಾರ ನಾನು ಓದಿದ ಭಾಗ ಹೀಗಿತ್ತು. ದಾರಿಯವ್ವನ ಮಡಕೆಯಲ್ಲಿರುವುದು ಜೀವವಿರುವ ಔಷಧಿ, ನಮ್ಮ ಹೆಪ್ಪಿನ ಹಾಗೆ. ದಿನಾ ಸ್ವಲ್ಪ ಉಣಿಸಿ ಉಳಿಸಿಕೊಳ್ಳಬೇಕು. ಒಂದು ಊರಿಗೆ ಊರೇ ಕಾಯಿಲೆ ಬಿದ್ದಾಗ ಅವಳು ಕರುಣೆಯಿಂದ ಎಲ್ಲವನ್ನೂ ಹಂಚಿಬಿಡುತ್ತಾಳೆ. ಊರು ಉಳಿಯುತ್ತದೆ. ಮಡಕೆ ಬರಿದಾಗುತ್ತದೆ.

"ಒಂದು ತೊಟ್ಟೂ ಇಟ್ಕೊಳ್ಳಿಲ್ವಾ?" ದೊಡ್ಡಮ್ಮ ಕೇಳಿದಳು. ನಂಜುಂಡಪ್ಪ, "ಬಿಡಿ ಅಜ್ಜಿ, ಊರು ಉಳೀತಲ್ಲ" ಎಂದ. "ಮುಂದಿನ ಊರ್ಗೆ ಏನ್ಲಾ ಕೊಡ್ತಾಳೆ, ನಿನ್ ತಲೇನಾ?" ಎಂದು ಅವನನ್ನು ಗದರಿ ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಸದ್ದು ಕೇಳಿ ನಾವು ಓಡಿದೆವು. ಅವಳು ಆಗಲೇ ಎದ್ದು ಕೂತು, ಕಣ್ಣು ಮುಚ್ಚಿ, ಎಡಗೈಯಿಂದ ಬಲ ಮಣಿಕಟ್ಟನ್ನು ತಡವುತ್ತಿದ್ದಳು. "ಎರಡು ತುಂಡು. ಚರ್ಮ ಒಡೆದಿಲ್ಲ" ಎಂದಳು, ಬೇರೆ ಯಾರದೋ ಕೈ ಎಂಬಂತೆ. ಚರ್ಮ ಒಡೆದು ಮೂಳೆ ಕಂಡರೆ ಅದು ತನ್ನದಲ್ಲ, ಆಸ್ಪತ್ರೆಯದು ಎಂಬುದು ಅವಳ ಲೆಕ್ಕ.

ಅಪ್ಪ ಅಂಗಿ ಹಾಕಿಕೊಂಡು ಬಂದ. "ಅತ್ಗೆ, ಬೊಮ್ಮನಹಳ್ಳೀಲಿ ಡಾಕ್ಟ್ರು ಅವ್ರೆ. ಆಟೋ ತತ್ತೀನಿ."

"ಬ್ಯಾಡ. ಪುಟ್ಟಿ ಕಟ್ತಾಳೆ."

ಅಪ್ಪ ತಗ್ಗಿದ ದನಿಯಲ್ಲಿ, "ಅವಳು ನಾಳೆ ಬ್ಯಾರೆ ಮನೆಗೆ ಓಗೋಳು ಅತ್ಗೆ" ಎಂದ.

"ಓಗ್ಲಿ ಬಿಡಪ್ಪ. ಆ ಮನೇಲೂ ಮೂಳೆ ಮುರೀತವೆ."

ನಾನು ಒಳಕೋಣೆಗೆ ಮೊದಲ ಸಲ ಹೋದೆ. ಒಂದು ಚಾಪೆ, ಬಿದಿರ ದಬ್ಬೆಗಳು, ಹರಿದ ಸೀರೆಯ ಪಟ್ಟಿಗಳು. ಅಷ್ಟೇ. ಚಾಪೆಯ ಮೇಲೆ ಅವಳ ಎದುರಿಗೆ ಕೂತೆ.

"ಮುಟ್ಟಲಾ ದೊಡ್ಡಮ್ಮ?"

"ಮುಟ್ಟು. ಕಣ್ ಮುಚ್ಕೊ. ಕಣ್ಣು ತೆರೆದಿದ್ರೆ ಕೈಗೆ ಸೋಮಾರಿತನ ಬತ್ತದೆ." ನನ್ನ ಹೆಬ್ಬೆರಳ ಕೆಳಗೆ ಊದಿದ ಮಾಂಸ, ಅದರ ಕೆಳಗೆ ಮೂಳೆಯಲ್ಲಿ ಒಂದು ಮೆಟ್ಟಿಲು. "ಸಿಕ್ತಾ? ಈಗ ಎಳಿ. ಬೆದರಿ ಎಳೀಬ್ಯಾಡ, ಕ್ವಾಪದಲ್ಲೂ ಎಳೀಬ್ಯಾಡ. ರೊಟ್ಟಿ ಇಟ್ಟು ನಾದೋವಾಗ ಎಳೀತೀಯಲ್ಲ, ಅಂಗೆ." ಎಳೆದೆ. ಅವಳು ಕೂಗಲಿಲ್ಲ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಳಗೆಲ್ಲೋ ಆ ಮೆಟ್ಟಿಲು ಸಮವಾಯಿತು. ನನ್ನ ಬದುಕಿನಲ್ಲಿ ಅಷ್ಟು ಬೆರಗಾದದ್ದು ಇನ್ನೊಂದಿಲ್ಲ. ಕೈಗೆ ಕಂಡದ್ದನ್ನು ನನ್ನ ಕಣ್ಣು ಎಂದೂ ಕಂಡಿರಲಿಲ್ಲ.

ಮಣಿಕಟ್ಟು ಕೂಡಿತು, ಆದರೆ ಒಂದೆಳೆ ಓರೆಯಾಗಿ. ನಾನು ಅತ್ತರೆ ಅವಳು ಬಂದವರಿಗೆಲ್ಲ ಅದನ್ನು ತೋರಿಸಿದಳು. "ನೋಡಿ, ನಮ್ಮ ಪುಟ್ಟಿ ಮೊದಲ್ನೇ ಕಟ್ಟು. ಇದಕ್ಕಿಂತ ನೆಟ್ಟಗೆ ಬೇಕಂದ್ರೆ ಎರಡನೇದಕ್ಕೆ ಬನ್ನಿ!" ಓರೆ ಕೈಯಿಂದ ಗಟ್ಟಿಯಾಗಿ ಎಳೆಯಲು ಅವಳಿಗೆ ಇನ್ನಾಗುತ್ತಿರಲಿಲ್ಲ. ಹೇಳುವುದು ಅವಳು, ಎಳೆಯುವುದು ನಾನು. ಬೆರಳು, ಮಣಿಕಟ್ಟು, ಮೊಣಕೈ, ಕಾಲಿನ ಹರಡು, ಒಂದೊಂದಾಗಿ ಬಂದವು.

ಪುಸ್ತಕ ಮುಗಿದದ್ದು ಆ ಬೇಸಿಗೆಯಲ್ಲಿ. ದಾರಿಯವ್ವ ಯಾರೂ ಕಾಲಿಡದ ಸುಟ್ಟ ಪಟ್ಟಣಕ್ಕೆ ಹೋಗುತ್ತಾಳೆ. ಅಲ್ಲಿ ಕಲ್ಲಿನ ಬಿರುಕುಗಳಲ್ಲಿ ಅದೇ ಔಷಧಿ ತನ್ನಷ್ಟಕ್ಕೆ ಬೆಳೆಯುತ್ತಿರುತ್ತದೆ. ಅಲ್ಲಿಗೆ ಹೋಗಬಾರದು ಎಂದು ಹಿರಿಯರು ಹೇಳಿದ್ದನ್ನು ಯಾವ ವೈದ್ಯರೂ ಪ್ರಶ್ನಿಸಿರಲಿಲ್ಲ. ನಾನು ಪುಸ್ತಕ ಮುಚ್ಚಿದೆ. ದೊಡ್ಡಮ್ಮ ಅದನ್ನು ಮಡಿಲಿಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ರಟ್ಟಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಬರ್ದೋರು ಹೆಂಗ್ಸಾ?"

"ಹೌದು."

"ಮೂಳೆ ಕಟ್ಟೋಳಾ?"

"ಗೊತ್ತಿಲ್ಲ ದೊಡ್ಡಮ್ಮ."

"ಕೈ ಬಲ್ಲೋಳು ಕಣಮ್ಮಿ," ಎಂದಳು. ಅವಳು ಯಾರ ಬಗ್ಗೆಯೂ ಅಷ್ಟು ದೊಡ್ಡ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಮರುವರ್ಷ ನನ್ನ ಮದುವೆಯಾಯಿತು. ಗಂಡನಿಗೆ ಪೀಣ್ಯದಲ್ಲಿ ಕೆಲಸ, ಮನೆ ದಾಸರಹಳ್ಳಿಯಲ್ಲಿ. ನಗರದ ಈ ತುದಿಯಿಂದ ಆ ತುದಿ. ಹದಿನೈದು ದಿನಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಬಂದು ಕಲಿಯುತ್ತಿದ್ದೆ. ಉಳಿದಿದ್ದು ಭುಜ. ಭುಜದ ಕೀಲು ಜಾರಿದರೆ ಕೂರಿಸುವುದು ಎಲ್ಲಕ್ಕಿಂತ ಕಷ್ಟ, ನರ ಹೋದರೆ ಕೈಯೇ ಹೋಯಿತು. "ಬಾಯಲ್ಲಿ ಏಳಿದ್ರೆ ಬರಲ್ಲ. ಭುಜ ಜಾರಿದೋರು ಬರ್ಲಿ, ನಿನ್ ಕೈ ಮೇಲೆ ನನ್ ಕೈ ಇಟ್ಟು ತೋರಿಸ್ತೀನಿ" ಎನ್ನುತ್ತಿದ್ದಳು. ನಾನು ಹೋದ ದಿನ ಅಂಥವರು ಬರುತ್ತಿರಲಿಲ್ಲ. ಬಂದ ದಿನ ನಾನಿರುತ್ತಿರಲಿಲ್ಲ. ಅವರನ್ನು ಅವಳು ಆಸ್ಪತ್ರೆಗೆ ಕಳಿಸುತ್ತಿದ್ದಳು.

ಕೊನೆಯ ಸಲ ಹೋದಾಗ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ಇಬ್ಬರೂ ಸಂಜೆಯವರೆಗೆ ಕಾದೆವು. ಮೊದಲ ಶಿಫ್ಟು ಮುಗಿಸಿದವರ ಬಸ್ಸುಗಳೂ ಹೋದವು. ನಾನು ಏಳುವಾಗ ನನ್ನ ಎರಡೂ ಅಂಗೈ ಹಿಡಿದು ನೋಡಿದಳು.

"ಇವತ್ತೂ ಯಾರೂ ಬೀಳಿಲ್ಲ. ಒಳ್ಳೇದೇ ಬಿಡು. ಮುಂದಿನ್ಸಲ ನೋಡಾನ."

ಒಂಬತ್ತು ದಿನಕ್ಕೆ ಅವಳು ಹೋದಳು. ಎರಡು ದಿನ ಜ್ವರ, ಅಷ್ಟೇ. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ದಾಸರಹಳ್ಳಿಯ ನಮ್ಮ ಮನೆಗೂ ಪೀಣ್ಯದ ಜನ ಬರುತ್ತಾರೆ. ಕೇಳಿ ಮುಟ್ಟುತ್ತೇನೆ, ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಲಿಯಬೇಕೆಂದು ಬಂದ ಇಬ್ಬರು ಹೆಂಗಸರಿಗೆ ಬಾಗಿಲು ತೆರೆದೇ ಕಲಿಸುತ್ತಿದ್ದೇನೆ. ಮೊನ್ನೆ ಒಬ್ಬ ಭುಜ ಹಿಡಿದುಕೊಂಡು ಬಂದ. ಆಟೋ ಕರೆಸಿ ಆಸ್ಪತ್ರೆಗೆ ಕಳಿಸಿದೆ. ಭುಜ ಕೂರಿಸುವುದು ನನಗೆ ಬರುವುದಿಲ್ಲ.